ನಾಲ್ಕು ಬಾಟಲಿ, ನಾಲ್ಕು ಪರೀಕ್ಷೆ

ಹನ್ನೆರಡನೆಯ ಇಯತ್ತೆಯ ಜೀವಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಗೆ ಮೂರು ವಾರ ಉಳಿದಿದ್ದಾಗ ಆ ಶಾಲೆಯ ಪ್ರಯೋಗಶಾಲೆಯ ಸಹಾಯಕಿ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಅವಳ ಜಾಗಕ್ಕೆ ನಾನು ಹೋದೆ. ಒಬ್ಬರ ಕಾಲು ಮುರಿದದ್ದನ್ನು ದೇವರ ದಯೆ ಎನ್ನಬಾರದು. ಆದರೂ ಆ ದಿನ ದೇವರ ಮುಂದೆ ಎರಡು ದೀಪ ಹೆಚ್ಚು ಹಚ್ಚಿದೆ. ಒಂದು ಅವಳ ಕಾಲಿಗೆ, ಇನ್ನೊಂದು ನನ್ನ ಕೆಲಸಕ್ಕೆ.

ಆಗ ನಾವು ಗೋವಾದ ಸಾವರ್ಡೆಯಲ್ಲಿದ್ದೆವು. ನಮ್ಮವರು ಅದಿರಿನ ಕಂಪನಿಯೊಂದರ ಆಫೀಸಿನಲ್ಲಿದ್ದರು. ಗಣಿಗಳು ಜೋರಿನಲ್ಲಿದ್ದ ವರ್ಷಗಳು ಅವು. ರಸ್ತೆಯ ತುಂಬ ಟಿಪ್ಪರ್ ಸಾಲು, ಒಣಹಾಕಿದ ಸೀರೆಯಿಂದ ಹಿಡಿದು ತುಳಸಿಕಟ್ಟೆಯವರೆಗೆ ಎಲ್ಲದರ ಮೇಲೂ ಕೆಂಪು ಧೂಳು. ಶಾಲೆಯ ಪ್ರಿನ್ಸಿಪಾಲರು ಕ್ರಿಶ್ಚನ್ನರು, ನಿಧಾನ ಮಾತಿನ ಹಿರಿಯರು. ಕೊಂಕಣಿಯಲ್ಲಿ ಅರ್ಧ, ಇಂಗ್ಲಿಷಿನಲ್ಲಿ ಅರ್ಧ ಮಾತಾಡಿ ನನಗೆ ಕೆಲಸ ತಿಳಿಸಿದರು. ಗಾಜಿನ ಸಾಮಾನು ತೊಳೆಯುವುದು, ದ್ರಾವಣ ತಯಾರಿಸುವುದು, ಪರೀಕ್ಷೆಯ ದಿನ ಸಾಮಾನು ಒದಗಿಸುವುದು. ಹಳೆಯ ಸಹಾಯಕಿ ಇನ್ನು ಬರುವುದಿಲ್ಲ ಎಂದಿದ್ದಾಳೆ, ಪರೀಕ್ಷೆ ಸರಿಯಾಗಿ ದಾಟಿದರೆ ಜೂನಿನಿಂದ ಜಾಗ ನಿಮಗೇ ಎಂದರು. ಮದುವೆಯಾಗಿ ಹದಿನೈದು ವರ್ಷವಾದ ಮೇಲೆ ನನ್ನ ಬಿ.ಎಸ್ಸಿ. ಸರ್ಟಿಫಿಕೇಟನ್ನು ಟ್ರಂಕಿನಿಂದ ತೆಗೆದು ಒಬ್ಬರ ಕೈಗೆ ಕೊಟ್ಟದ್ದು ಅಂದು ಮೊದಲ ಸಲ. ಆ ಜಾಗ ನನಗೆ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ, ಯಾರಿಗೂ ಹೇಳದೆ ಸೋಮವಾರದ ಒಪ್ಪತ್ತನ್ನು ನಿರಾಹಾರ ಮಾಡಿಕೊಂಡೆ.

ಪ್ರಯೋಗಶಾಲೆಯಲ್ಲಿ ನನ್ನ ಮೇಲಿದ್ದವಳು ಜೀವಶಾಸ್ತ್ರದ ಟೀಚರು. ಬೆಳಗಾವಿಯ ಕಡೆಯವಳು, ನಾನು ಓದಿದ ಧಾರವಾಡದ ಕಾಲೇಜಿನಲ್ಲೇ ಓದಿ, ನಾನು ಅರ್ಜಿ ತುಂಬಿಯೂ ಸೇರಲಾಗದ ಎಂ.ಎಸ್ಸಿ. ಮುಗಿಸಿದವಳು. ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಎದುರಿಗೆ ‘ನೀವು’ ಎನ್ನುತ್ತಿದ್ದೆ. ಮನಸ್ಸಿನಲ್ಲಿ ಒಂದು ದಿನವೂ ಬಹುವಚನ ಹಚ್ಚಲಿಲ್ಲ, ಈಗ ಬರೆಯುವಾಗಲೂ ಹಚ್ಚುತ್ತಿಲ್ಲ.

ನನಗೆ ಆಕೆಯ ಮೇಲೆ ಹೊಟ್ಟೆಕಿಚ್ಚಿತ್ತು. ಇದನ್ನು ಬೇರೆ ಹೆಸರಿನಿಂದ ಕರೆದರೆ ಬರೆದೂ ಉಪಯೋಗವಿಲ್ಲ. ಆಕೆಯ ಬಿಳಿ ಕೋಟಿನ ಜೇಬಿನ ಮೇಲೆ ನೀಲಿ ದಾರದಲ್ಲಿ ಹೆಸರಿನ ಕಸೂತಿ ಇತ್ತು. ನಾನು ಹಳೆಯ ಸೀರೆ ಹರಿದು ಹೊಲಿದ ಏಪ್ರನ್ ಕಟ್ಟಿಕೊಳ್ಳುತ್ತಿದ್ದೆ. ಆಕೆ ಸ್ಕೂಟಿ ನಿಲ್ಲಿಸುವಷ್ಟರಲ್ಲಿ ಮೂರು ಹುಡುಗಿಯರು ಆಕೆಯ ಚೀಲಕ್ಕೆ ಕೈಚಾಚುತ್ತಿದ್ದರು. ಹಲಗೆಯ ಮೇಲೆ ಒಂದು ಗೆರೆ ಎಳೆದರೆ ಅಳತೆಪಟ್ಟಿ ಇಟ್ಟು ಎಳೆದಂತೆ ಇರುತ್ತಿತ್ತು. ನಮ್ಮವರು ನನ್ನನ್ನು ಕರೆಯಲು ಬಂದಾಗ ಒಮ್ಮೆ ಗೇಟಿನಲ್ಲಿ ಎರಡು ಮಾತಾಡಿದರು. ದಾರಿಯುದ್ದಕ್ಕೂ, ಆ ಹುಡುಗಿ ಎಷ್ಟು ಚಲೋ ಮಾತಾಡ್ತಾಳ ಎಂದರು. ಆ ರಾತ್ರಿ ಅವರ ಸಾರಿಗೆ ಉಪ್ಪು ಕಡಿಮೆ ಬಿತ್ತು. ಬೇಕೆಂದು ಮಾಡಿದ್ದಲ್ಲ, ಆದರೆ ಬಿದ್ದದ್ದು ಗೊತ್ತಾದ ಮೇಲೂ ಸರಿಮಾಡಲಿಲ್ಲ.

ಕೆಲಸ ಹೀಗಿತ್ತು. ಜೀವ ಇರುವ ಯಾವುದನ್ನೇ ತೆಗೆದುಕೊಂಡರೂ, ಭತ್ತದ ಕಾಳಿರಲಿ ಮನುಷ್ಯನ ಮೈಯಿರಲಿ, ಅದರೊಳಗೆ ನೀರು ಬಿಟ್ಟರೆ ಹೆಚ್ಚಾಗಿ ಇರುವುದು ನಾಲ್ಕು ಬಗೆಯ ಅಣುಗಳು. ಸಕ್ಕರೆ ಮತ್ತು ಪಿಷ್ಟದ ಕುಲದವು ಒಂದು: ಇವು ಒಲೆಗೆ ಕಟ್ಟಿಗೆ ಇದ್ದಂತೆ. ಗ್ಲೂಕೋಸ್ ಈಗಲೇ ಉರಿಯುವ ಪುಳ್ಳೆ, ಪಿಷ್ಟ ಅದನ್ನೇ ಉದ್ದಕ್ಕೆ ಪೋಣಿಸಿ ಒಟ್ಟಿಟ್ಟ ರಾಶಿ. ಎರಡನೆಯದು ಕೊಬ್ಬು: ಕಷ್ಟಕಾಲದ ದಾಸ್ತಾನು, ಮೈಗೆ ಹೊದಿಕೆ, ಪ್ರತಿ ಜೀವಕೋಶದ ಸುತ್ತಲಿನ ಪೊರೆಯೂ ಹೆಚ್ಚಾಗಿ ಅದರದೇ. ಮೂರನೆಯದು ಪ್ರೋಟೀನು: ಮೈ ಕಟ್ಟುವುದೂ ಅದು, ದುಡಿಯುವುದೂ ಅದು. ಬಾಯಲ್ಲಿ ಅನ್ನವನ್ನು ಸಿಹಿಮಾಡುವ ಕಿಣ್ವ ಕೂಡ ಪ್ರೋಟೀನೇ. ನಾಲ್ಕನೆಯದು ಡಿ.ಎನ್.ಎ. ಮತ್ತು ಅದರ ಬಳಗ: ಏನನ್ನು ಹೇಗೆ ಕಟ್ಟಬೇಕೆಂಬ ಪಾಠ ಇರುವುದು ಅದರಲ್ಲಿ. ಪರೀಕ್ಷೆಗೆ ಮೊದಲ ಮೂರು ಸಾಕು. ಹುಡುಗರ ಮುಂದೆ ಹೆಸರಿಲ್ಲದ ಬಾಟಲಿಯ ದ್ರಾವಣ ಇಡುತ್ತಾರೆ. ಎ ಪಿಷ್ಟ, ಬಿ ಗ್ಲೂಕೋಸ್, ಸಿ ಎಣ್ಣೆ, ಡಿ ಪ್ರೋಟೀನು. ಯಾವುದು ಯಾವುದೆಂದು ಅವರು ಪರೀಕ್ಷಿಸಿ ಹೇಳಬೇಕು. ಅಯೋಡಿನ್ ಹಾಕಿ ಕಪ್ಪುನೀಲಿ ಬಂದರೆ ಪಿಷ್ಟ. ಬೆನೆಡಿಕ್ಟ್ ದ್ರಾವಣ ಹಾಕಿ ಕುದಿನೀರಿನಲ್ಲಿಟ್ಟಾಗ ಇಟ್ಟಿಗೆಗೆಂಪು ಬಂದರೆ ಗ್ಲೂಕೋಸ್. ಕಾಗದಕ್ಕೆ ತಿಕ್ಕಿದಾಗ ಬೆಳಕು ಹಾಯುವ ಕಲೆ ಉಳಿದರೆ ಎಣ್ಣೆ. ಕಾಸ್ಟಿಕ್ ಸೋಡಾ ಹಾಕಿ ನಾಲ್ಕು ಹನಿ ಮೈಲುತುತ್ತದ ನೀರು ಬಿಟ್ಟಾಗ ನೇರಳೆ ಬಂದರೆ ಪ್ರೋಟೀನು.

ಮೊದಲ ವಾರ ತೊಳೆಯುವುದೇ ಆಯಿತು. ಕಿಟಕಿ ಮುಚ್ಚಿದ್ದರೂ ಪ್ರನಾಳಗಳಲ್ಲಿ ಕೆಂಪು ಧೂಳಿನ ಉಂಗುರ. ಅದನ್ನು ಬ್ರಷ್ಷಿನಿಂದ ತಿಕ್ಕಿ, ಕೊನೆಗೆ ಬಟ್ಟಿಯಿಳಿಸಿದ ನೀರಿನಲ್ಲಿ ಜಾಲಿಸಿ ಬೋರಲು ಹಾಕುತ್ತಿದ್ದೆ. ಗಂಜಿಯ ತಿಳಿ ತೆಗೆದು ಹತ್ತುಪಟ್ಟು ನೀರು ಬೆರೆಸಿದರೆ ಎ ಬಾಟಲಿ ಸಿದ್ಧ. ಬಿ, ಸಿ ಕೂಡ ಸುಲಭ. ತೊಡಕು ಬಂದದ್ದು ಡಿ ಬಾಟಲಿಯಲ್ಲಿ. ಟೀಚರು ಬರೆದುಕೊಟ್ಟ ಪಟ್ಟಿಯಲ್ಲಿ ಡಿ ಎದುರಿಗೆ ಇದ್ದದ್ದು: ಮೊಟ್ಟೆಯ ಬಿಳಿಭಾಗ.

ನಾನು ಮೊಟ್ಟೆ ಮುಟ್ಟಿದವಳಲ್ಲ. ಮನೆಯಲ್ಲಿ ಪೂಜೆ ನೈವೇದ್ಯ ನನ್ನದು, ಅದೇ ಕೈ. ಕೆಲಸಕ್ಕೆ ಸೇರುವಾಗ ಇದನ್ನು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಮೊಟ್ಟೆ ಮೇಜಿನ ಮೇಲೆ ಬಂದಾಗ ನಾನು ಬೀಕರು ತೊಳೆಯುವ ನೆಪದಲ್ಲಿ ನಲ್ಲಿಯ ಹತ್ತಿರ ಸರಿದೆ. ಟೀಚರು ಒಂದು ಕ್ಷಣ ನನ್ನನ್ನು ನೋಡಿದಳು.

“ಬಿಡ್ರಿ ಅಕ್ಕಾರ, ನಾ ಒಡೀತೀನಿ” ಎಂದು ಒಂದೇ ಕೈಯಲ್ಲಿ ಟಕ್ಕೆಂದು ಒಡೆದು, ಹಳದಿಯನ್ನು ಚಿಪ್ಪಿನಿಂದ ಚಿಪ್ಪಿಗೆ ದಾಟಿಸಿ, ಬಿಳಿಯನ್ನು ನೀರಿಗೆ ಇಳಿಸಿದಳು. ನಗಲಿಲ್ಲ, ಯಾರ ಮುಂದೆಯೂ ಆಡಲಿಲ್ಲ. ಆಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಎರಡನೆಯ ವಾರ ಪಠ್ಯದಲ್ಲಿ ಬೇಕಿಲ್ಲದಿದ್ದರೂ ಆಕೆ ಹುಡುಗರಿಗೆ ಡಿ.ಎನ್.ಎ. ತೋರಿಸಿದಳು. ಬಾಳೆಹಣ್ಣು ಕಿವುಚಿದವಳು ನಾನು, ಪಾತ್ರೆ ತೊಳೆಯುವ ಸೋಪಿನ ನೀರು, ಉಪ್ಪು ಸೇರಿಸಿದವಳು ನಾನು, ಹಳೆಯ ಮಲ್ ಪಂಚೆಯ ತುಂಡಿನಲ್ಲಿ ಸೋಸಿದವಳೂ ನಾನು. ಆಕೆ ಕೊನೆಗೆ ಬಂದು, ಐಸಿನಲ್ಲಿಟ್ಟ ಸ್ಪಿರಿಟ್ಟನ್ನು ಪ್ರನಾಳದ ಅಂಚಿನಿಂದ ಮೆಲ್ಲಗೆ ಇಳಿಬಿಟ್ಟಳು. ಎರಡರ ನಡುವೆ ಅರಳೆಯಂಥ ಬಿಳಿ ಎಳೆಗಳು ಮೇಲೇಳತೊಡಗಿದವು. ಇಪ್ಪತ್ತನಾಲ್ಕು ತಲೆಗಳು ಆಕೆಯ ಸುತ್ತ. ಒಬ್ಬ ಹುಡುಗ, ಸ್ಪಿರಿಟ್ ಯಾಕೆ ಟೀಚರ್, ನಮ್ಮ ಮನೆಯಲ್ಲಿ ಗೇರುಹಣ್ಣಿನ ಫೆಣಿ ಇದೆ ಎಂದ. ಫೆಣಿಯಲ್ಲಿ ನೀರೇ ಹೆಚ್ಚು, ಎಳೆ ಏಳುವುದಿಲ್ಲ, ನಿಮ್ಮಪ್ಪನಿಗೇ ಇರಲಿ ಎಂದಳು ಆಕೆ. ಎಲ್ಲರೂ ನಕ್ಕರು. ನಾನು ಬಾಳೆಹಣ್ಣಿನ ಸಿಪ್ಪೆ ಹಿಡಿದುಕೊಂಡು ಹಿಂದೆ ನಿಂತಿದ್ದೆ. ಅಷ್ಟು ಚೆಂದದ ವಸ್ತುವನ್ನು ನಾನೂ ಅಂದೇ ಮೊದಲು ನೋಡಿದ್ದು. ಅದನ್ನು ಸಂತೋಷದಿಂದ ನೋಡಲು ಆಗಲಿಲ್ಲವಲ್ಲ ಎಂದು ಈಗ ಅನಿಸುತ್ತದೆ.

ಪರೀಕ್ಷೆಗೆ ಎಂಟು ದಿನ ಮೊದಲು ಅಣಕು ಪರೀಕ್ಷೆ ಇತ್ತು. ಅಂದು ಬೆಳಿಗ್ಗೆ ಟೀಚರಿಗೆ ಬೇರೆ ಶಾಲೆಯಲ್ಲಿ ಪರೀಕ್ಷಕಿಯ ಕೆಲಸ. ಮಧ್ಯಾಹ್ನ ಬರುತ್ತೇನೆ, ಮೊಟ್ಟೆ ಶಾಲೆಯ ಸಿಪಾಯಿಯ ಹತ್ತಿರ ಒಡೆಸಿಕೊಳ್ಳಿ ಎಂದು ಹೇಳಿ ಹೋಗಿದ್ದಳು. ನನಗೆ ಸಿಪಾಯಿಯ ಉಪಕಾರ ಬೇಡವಾಗಿತ್ತು, ಆಕೆಯ ಪಟ್ಟಿಯೂ ಬೇಡವಾಗಿತ್ತು. ಪ್ರೋಟೀನಿಗೆ ಮೊಟ್ಟೆಯೇ ಯಾಕೆ? ನಮ್ಮ ಮನೆಯಲ್ಲಿ ದಿನವೂ ಕುದಿಯುವ ಬೇಳೆ ಇಲ್ಲವೇ? ಮನೆಯಿಂದ ತೊಗರಿಬೇಳೆಯ ಕಟ್ಟು ತಂದೆ. ತಿಳಿಯಾಗಿ ಬಸಿದು, ಬಟ್ಟೆಯಲ್ಲಿ ಸೋಸಿ, ನೀರು ಬೆರೆಸಿ ಡಿ ಬಾಟಲಿಗೆ ಹಾಕಿದೆ. ಮೈಲುತುತ್ತದ ಪರೀಕ್ಷೆ ಮಾಡಿದೆ, ಚಂದದ ನೇರಳೆ. ಆಕೆಗೆ ಹೇಗೆ ಹೇಳಬೇಕೆಂದು ಮಾತುಗಳನ್ನೂ ಜೋಡಿಸಿಕೊಂಡೆ.

ಉಳಿದ ಮೂರು ಪರೀಕ್ಷೆ ಮಾಡಲಿಲ್ಲ. ಬೇಳೆಯಲ್ಲಿ ಪಿಷ್ಟವೂ ತುಂಬಿರುತ್ತದೆ, ಕುದಿಸಿದರೆ ಎಷ್ಟು ತಿಳಿ ಬಸಿದರೂ ನೀರಿಗೆ ಬರುತ್ತದೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಗೆಲ್ಲುವ ಅವಸರದಲ್ಲಿ ಗೊತ್ತಿದ್ದದ್ದೂ ತಲೆಗೆ ಬರಲಿಲ್ಲ.

ಡಿ ಬಾಟಲಿ ಬಂದ ಆರು ಜನರಲ್ಲಿ ಮೂವರು ಅಯೋಡಿನ್ ಹಾಕಿ ಕಪ್ಪುನೀಲಿ ಕಂಡು ಪಿಷ್ಟ ಎಂದು ಬರೆದು ಎದ್ದರು. ಇಬ್ಬರು ನೇರಳೆ ಕಂಡು ಪ್ರೋಟೀನು ಎಂದರು. ಒಬ್ಬಳು ಹುಡುಗಿ ನಾಲ್ಕೂ ಪರೀಕ್ಷೆ ಮಾಡಿ, ಎರಡು ಬಣ್ಣ ಕಂಡು, ಎಲ್ಲವನ್ನೂ ಚೆಲ್ಲಿ ಮತ್ತೆ ಮಾಡಿ, ಹೊತ್ತು ಮುಗಿದು ಅಳತೊಡಗಿದಳು. ವಿಜಯಪುರದ ಕಡೆಯ ಮುಸಲ್ಮಾನರ ಹುಡುಗಿ, ತಂದೆ ಅದಿರಿನ ಟಿಪ್ಪರ್ ಓಡಿಸುತ್ತಿದ್ದ.

“ನಾ ತಪ್ಪ ಮಾಡಿಲ್ರಿ ಬಾಯಾರ, ಖರೇನ ಎರಡೂ ಬಣ್ಣ ಬಂದಾವ್ರಿ” ಎಂದು ನನ್ನ ಹತ್ತಿರ ಬಂದು ಹೇಳಿದಳು. ಕನ್ನಡ ಬರುವವಳು ನಾನೊಬ್ಬಳೇ ಅಲ್ಲಿದ್ದೆ. ಅವಳು ಮಾಡಿದ್ದು ಸರಿಯಿತ್ತು. ಆ ಇಪ್ಪತ್ತನಾಲ್ಕು ಜನರಲ್ಲಿ ನಾಲ್ಕೂ ಪರೀಕ್ಷೆ ಮಾಡಿದವಳು ಅವಳೊಬ್ಬಳೇ. ಹಾಗೆಂದು ಹೇಳಲು ನನ್ನ ಬಾಯಿ ಬರಲಿಲ್ಲ.

ಮಧ್ಯಾಹ್ನ ಟೀಚರು ಬಂದು, ಹುಡುಗರ ಮಾತು ಕೇಳಿ, ಡಿ ಬಾಟಲಿ ಎತ್ತಿ ಮೂಸಿ ನೋಡಿದಳು. ಪ್ರಿನ್ಸಿಪಾಲರು ಇಬ್ಬರನ್ನೂ ಕರೆದರು. ನಾನು ಬಾಯಿ ತೆರೆಯುವ ಮೊದಲೇ ಆಕೆ, ಬೇಳೆಯ ನೀರು ಬಳಸಲು ತಾನೇ ಒಪ್ಪಿದ್ದೆ, ನಿಜವಾದ ಆಹಾರದಲ್ಲಿ ಒಂದಕ್ಕಿಂತ ಹೆಚ್ಚು ಬಗೆಯ ಅಣುಗಳಿರುತ್ತವೆಂದು ಹುಡುಗರಿಗೆ ತಿಳಿಯಲಿ ಎಂದಿತ್ತು, ಎಂದುಬಿಟ್ಟಳು. ಪ್ರಿನ್ಸಿಪಾಲರು ತಲೆಯಾಡಿಸಿದರು. ಹೊರಗೆ ಬಂದ ಮೇಲೆ ನನಗೆ, ಪರೀಕ್ಷೆಯ ದಿನ ಮಾತ್ರ ಮೊಟ್ಟೆಯೇ ಇರಲಿ ಅಕ್ಕಾರ, ನಾನು ಒಡೆದುಕೊಡುತ್ತೇನೆ ಎಂದಳು.

ನನ್ನ ಜಾಗ ಉಳಿಯಿತು. ಉಳಿಸಿದವಳು ಆಕೆ. ಮನೆಗೆ ಬಂದು ದೇವರ ಮುಂದೆ ಕೂತು ಆ ದಿನದ ದಯೆಗಳನ್ನು ಎಣಿಸಲು ನೋಡಿದೆ. ಬೆರಳು ಮಡಚಲಿಲ್ಲ. ಆಕೆಯ ಓದು, ಆಕೆಯ ಕೋಟು, ಆಕೆಯ ಕೈಬರಹ ಇವೆಲ್ಲ ಆಕೆಗೆ ಇರಲಿ ಎಂದುಕೊಳ್ಳಬಹುದಿತ್ತು. ಆಕೆ ಒಳ್ಳೆಯವಳೂ ಆಗಿಬಿಟ್ಟರೆ ನನ್ನ ಪಾಲಿಗೆ ಉಳಿಯುವುದೇನು? ಇಷ್ಟು ವರ್ಷದ ಉಪವಾಸ, ಪೂಜೆ ನನ್ನದು, ಒಳ್ಳೆಯತನ ಮಾತ್ರ ಆಕೆಗೆ ಹೇಗೆ ಹೋಯಿತು?

ಮೊಟ್ಟೆ ಮುಟ್ಟದೆ, ಆಕೆಯಿಂದಲೂ ಒಡೆಸದೆ, ಶುದ್ಧ ಪ್ರೋಟೀನು ತೆಗೆಯಬೇಕೆಂದು ಅಂದೇ ಹಟ ಹಿಡಿದೆ. ಅಡುಗೆಮನೆಯಲ್ಲಿ ಒಂದೊಂದೇ ವಸ್ತುವನ್ನು ನೆನೆದೆ. ಕಾಳುಗಳಲ್ಲಿ ಪಿಷ್ಟ. ಶೇಂಗಾದಲ್ಲಿ ಎಣ್ಣೆ. ಹಾಲಿನಲ್ಲಿ ಸಕ್ಕರೆಯೂ ಕೊಬ್ಬೂ ಎರಡೂ. ಆದರೆ ಹಾಲಿನ ಸಕ್ಕರೆ ನೀರಿನಲ್ಲಿ ಕರಗುತ್ತದೆ, ಕೊಬ್ಬು ಕೆನೆಯಾಗಿ ಮೇಲೆ ಬರುತ್ತದೆ, ಒಡೆದ ಹಾಲಿನ ಗಟ್ಟಿ ಮಾತ್ರ ಬಟ್ಟೆಯಲ್ಲಿ ಉಳಿಯುತ್ತದೆ. ನಾವು ಛನ್ನಾ ಎನ್ನುವುದು ಅದನ್ನೇ.

ಒಂದು ವಾರ ಪ್ರತಿ ಬೆಳಿಗ್ಗೆ ಅರ್ಧ ಲೀಟರ್ ಹಾಲು ಅದಕ್ಕೇ ಹೋಯಿತು. ಹಿಂದಿನ ದಿನ ಹಾಲು ಕಾಯಿಸಿ ಆರಿಸಿ ಕೆನೆ ತೆಗೆಯುವುದು, ಮತ್ತೆ ಕಾಯಿಸಿ ಮತ್ತೆ ತೆಗೆಯುವುದು. ಬೆಳಿಗ್ಗೆ ನಿಂಬೆ ಹಿಂಡಿ ಒಡೆಯುವುದು, ಬಟ್ಟೆಯಲ್ಲಿ ಕಟ್ಟಿ ನಲ್ಲಿಯ ಕೆಳಗೆ ಹಿಂಡುವುದು. ಮೊದಲ ದಿನ ಮೂರು ನೀರು ತೊಳೆದು ಶಾಲೆಗೆ ಒಯ್ದೆ. ಬೆನೆಡಿಕ್ಟ್ ಹಾಕಿ ಕಾಯಿಸಿದರೆ ಹಸಿರು ತಿರುಗಿತು: ಹಾಲಿನ ಸಕ್ಕರೆ ಇನ್ನೂ ಉಳಿದಿತ್ತು. ಮರುದಿನ ಐದು ನೀರು. ತಿಳಿ ಹಸಿರು. ಏಳು ನೀರಿಗೆ ಬೆನೆಡಿಕ್ಟಿನ ನೀಲಿ ನೀಲಿಯಾಗಿಯೇ ಉಳಿಯಿತು. ಆಮೇಲೆ ಅದು ನೀರಿನಲ್ಲಿ ಕರಗಲೊಲ್ಲದು, ಮರಳಿನಂತೆ ತಳಕ್ಕೆ ಕೂಡುತ್ತಿತ್ತು. ಬಿಸಿನೀರಿಗೆ ಚಿಟಿಕೆ ಅಡಿಗೆ ಸೋಡಾ ಹಾಕಿ ಅರ್ಧ ಗಂಟೆ ಕಲಕಿದೆ, ಮೆಲ್ಲಗೆ ಕರಗಿತು. ಸೋಸಿದರೆ ಮೊಟ್ಟೆಯ ಬಿಳಿಯ ನೀರಿನ ಹಾಗೇ, ತುಸು ಮಬ್ಬು. ನಾಲ್ಕೂ ಪರೀಕ್ಷೆ ಮಾಡಿದೆ. ಅಯೋಡಿನ್ ಕಪ್ಪಾಗಲಿಲ್ಲ, ಬೆನೆಡಿಕ್ಟ್ ಕೆಂಪಾಗಲಿಲ್ಲ, ಕಾಗದದಲ್ಲಿ ಕಲೆ ಉಳಿಯಲಿಲ್ಲ. ಮೈಲುತುತ್ತ ಮಾತ್ರ ನೇರಳೆಯಾಯಿತು.

ಟೀಚರು ನೋಡಿ, “ಭಾಳ ಚಲೋ ಆಗೇತ್ರಿ ಅಕ್ಕಾರ. ನಾಳೆ ಇದನ್ನ ಇಡೋಣು” ಎಂದಳು. ಪರೀಕ್ಷೆಯ ಹಿಂದಿನ ದಿನ, ಸೋಮವಾರ ಅದು.

ಬೇಳೆಕಟ್ಟಿನ ಪೆಟ್ಟು ತಿಂದ ಮೇಲೆ ನಾನೊಂದು ರೂಢಿ ಮಾಡಿಕೊಂಡಿದ್ದೆ. ಯಾವ ಬಾಟಲಿಯಾದರೂ ನಾಲ್ಕೂ ಪರೀಕ್ಷೆ ಆಗದೆ ಕಪಾಟು ಸೇರಬಾರದು. ಸೋಮವಾರ ಮಧ್ಯಾಹ್ನ, ಟೀಚರು ಸ್ಟಾಫ್ ರೂಮಿನಲ್ಲಿ ಹುಡುಗರ ಚೀಟಿ ಬರೆಯುತ್ತಿದ್ದಾಗ, ನಾಲ್ಕೂ ಬಾಟಲಿ ಸಾಲಾಗಿಟ್ಟು ಹನ್ನೆರಡು ಪ್ರನಾಳ, ನಾಲ್ಕು ತುಂಡು ಕಾಗದ ಜೋಡಿಸಿದೆ. ಎ ಸರಿ. ಸಿ ಸರಿ. ಡಿ ಸರಿ. ಬಿ ಬಾಟಲಿಯ ಪ್ರನಾಳ ಕುದಿನೀರಿನಲ್ಲಿ ಮೂರು ನಿಮಿಷ ಇತ್ತು, ಐದು ನಿಮಿಷ ಇತ್ತು. ನೀಲಿ. ಹೊಸದಾಗಿ ಮಾಡಿದೆ. ಮತ್ತೆ ನೀಲಿ.

ಬಿ ಬಾಟಲಿ ಅಂದು ಟೀಚರೇ ಮಾಡಿದ್ದಳು. ಗ್ಲೂಕೋಸ್ ಪೊಟ್ಟಣ ಅಣಕು ಪರೀಕ್ಷೆಗೇ ಮುಗಿದಿತ್ತು. ಸ್ಟಾಫ್ ರೂಮಿನಿಂದ ಬಂದ ಚಹದ ಸಕ್ಕರೆ ಡಬ್ಬಿ ಪ್ರಯೋಗಶಾಲೆಯ ಮೇಜಿನ ಮೇಲೆ ಮುಚ್ಚಳ ಸಡಿಲಾಗಿ ಕೂತಿತ್ತು, ಸುತ್ತ ಇರುವೆ. ನನಗೆ ತಿಳಿಯಿತು. ಚಹದ ಸಕ್ಕರೆ ಬೆನೆಡಿಕ್ಟಿನಲ್ಲಿ ಕೆಂಪಾಗುವುದಿಲ್ಲ. ಅದು ಗ್ಲೂಕೋಸ್ ಒಂದು, ಫ್ರಕ್ಟೋಸ್ ಒಂದು, ಎರಡೂ ಪರಸ್ಪರ ಕೈ ಹಿಡಿದು ಕೂತ ಜೋಡಿ. ಬೆನೆಡಿಕ್ಟಿನಲ್ಲಿರುವ ತಾಮ್ರಕ್ಕೆ ಚಾಚಲು ಖಾಲಿ ಕೈ ಇಲ್ಲ. ಬಿ.ಎಸ್ಸಿ. ಮೊದಲ ವರ್ಷದ ಪಾಠ ಇದು. ಎಂ.ಎಸ್ಸಿ. ಆದವಳು ಗಡಿಬಿಡಿಯಲ್ಲಿ ತಪ್ಪಿದ್ದಳು.

ಆಗ ನನಗಾದ ಸಂತೋಷವನ್ನು ಬರೆಯಲು ನಾಚಿಕೆಯಾಗುತ್ತದೆ. ಮೂರು ವಾರದಲ್ಲಿ ಅಷ್ಟು ಹಗುರಾಗಿ ನಾನು ಉಸಿರಾಡಿರಲಿಲ್ಲ. ನಾಳೆ ಹೊರಗಿನ ಪರೀಕ್ಷಕರು ಬರುತ್ತಾರೆ. ಆರು ಹುಡುಗರು ನಾಲ್ಕೂ ಪರೀಕ್ಷೆ ಮಾಡಿ ಏನೂ ಬಾರದೆ ನಿಲ್ಲುತ್ತಾರೆ. ಬಾಟಲಿ ಮಾಡಿದವರು ಯಾರು ಎಂದು ಕೇಳುತ್ತಾರೆ. ಆಗ ಆಕೆಯ ಪರವಾಗಿ ಯಾರು ಸುಳ್ಳು ಹೇಳುತ್ತಾರೆ ನೋಡೋಣ. ಪ್ರನಾಳ ತೊಳೆದು ಬೋರಲು ಹಾಕಿದೆ, ಬಾಟಲಿಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ನಾಲ್ಕು ಗಂಟೆಗೆ ಆಕೆ ಬಂದು, ಎಲ್ಲಾ ಆತೇನ್ರಿ ಎಂದಳು. ಆತು ಎಂದೆ.

ಮನೆಯಲ್ಲಿ ಸಂಜೆ ದೀಪ ಹಚ್ಚಿ ಉಪವಾಸ ಬಿಟ್ಟೆ. ತುತ್ತು ಸಲೀಸಾಗಿ ಇಳಿಯಿತು. ನಿದ್ದೆಯೂ ಬಂತು. ಮನಸ್ಸು ಚುಚ್ಚಿತು, ಹೊರಳಾಡಿದೆ ಎಂದು ಬರೆದರೆ ಸುಳ್ಳಾಗುತ್ತದೆ.

ಬೆಳಿಗ್ಗೆ ಪೂಜೆಗೆ ಕೂತಾಗ ಮಾತ್ರ ಒಂದು ಪ್ರಶ್ನೆ ಬಂತು. ದಿನದ ಹಾಗೆ ಕೈಮುಗಿದು ‘ಇವತ್ತಿನ ಕೆಲಸ ಸರಿಯಾಗಿ ಆಗಲಿ’ ಎನ್ನಬೇಕು. ಯಾವ ಕೆಲಸ? ಬಿ ಬಾಟಲಿ ಕೆಡಲಿ ಎಂದು ಬೇಡಿಕೊಳ್ಳುತ್ತಿದ್ದೇನೆಯೇ? ಬೇಡಿಕೆಯನ್ನು ಬಾಯಿಬಿಟ್ಟು ಹೇಳಲು ನೋಡಿದೆ, ಹೇಳಲಾಗಲಿಲ್ಲ. ಆಗ ಆ ಟಿಪ್ಪರ್‌ನವನ ಮಗಳು ಕಣ್ಣ ಮುಂದೆ ಬಂದಳು. ಇವತ್ತು ಅವಳಿಗೆ ಬಿ ಬಂದರೆ ಮತ್ತೆ ಚೆಲ್ಲುತ್ತಾಳೆ, ಮತ್ತೆ ಮಾಡುತ್ತಾಳೆ, ನನ್ನ ಹತ್ತಿರ ಬಂದು ತಪ್ಪು ಮಾಡಿಲ್ಲ ಎನ್ನುತ್ತಾಳೆ. ನಾನು ಎರಡನೆಯ ಸಲ ಬಾಯಿಮುಚ್ಚಿ ನಿಲ್ಲಬೇಕು. ಗಂಟೆ ಬಾರಿಸದೆಯೇ ಎದ್ದೆ.

ಏಳು ಗಂಟೆಗೆ ಶಾಲೆಯಲ್ಲಿದ್ದೆ. ಸಿಪಾಯಿ ಬಾಗಿಲು ತೆರೆದ. ಪರೀಕ್ಷೆ ಒಂಬತ್ತಕ್ಕೆ. ಔಷಧಿ ಅಂಗಡಿ ತೆರೆಯುವುದೂ ಒಂಬತ್ತಕ್ಕೆ, ಗ್ಲೂಕೋಸ್ ಸಿಗುವಂತಿಲ್ಲ. ಇದ್ದದ್ದು ಸಕ್ಕರೆ ನೀರೊಂದೇ, ಆ ಜೋಡಿಯ ಕೈ ಬಿಡಿಸಬೇಕು. ಹಬ್ಬಕ್ಕೆ ಪಾಕ ಮಾಡುವಾಗ ಸಕ್ಕರೆ ಮತ್ತೆ ಹರಳುಗಟ್ಟದಿರಲೆಂದು ನಿಂಬೆರಸ ಹಿಂಡುತ್ತೇವಲ್ಲ, ಅಲ್ಲಿ ಆಗುವುದೂ ಇದೇ. ಹುಳಿಯೂ ಬಿಸಿಯೂ ಸೇರಿದರೆ ಒಂದಷ್ಟು ಸಕ್ಕರೆ ಒಡೆದು ಎರಡಾಗುತ್ತದೆ. ಬಿ ಬಾಟಲಿಯನ್ನು ಫ್ಲಾಸ್ಕಿಗೆ ಸುರಿದು, ತೆಳು ಮಾಡಿದ ಹೈಡ್ರೋಕ್ಲೋರಿಕ್ ಆಮ್ಲ ಹನಿಹನಿಯಾಗಿ ಬಿಟ್ಟು ಕುದಿನೀರಿನಲ್ಲಿ ಕೂರಿಸಿದೆ. ಇಪ್ಪತ್ತು ನಿಮಿಷ. ಆರಿಸಿದೆ. ಅಡಿಗೆ ಸೋಡಾ ಚಿಟಿಕೆ ಚಿಟಿಕೆಯಾಗಿ ಹಾಕಿದೆ, ನೊರೆ ನಿಲ್ಲುವವರೆಗೆ, ಇಲ್ಲದಿದ್ದರೆ ಉಳಿದ ಆಮ್ಲ ಬೆನೆಡಿಕ್ಟನ್ನೇ ಕೆಡಿಸುತ್ತದೆ. ಎರಡು ಹನಿ ತೆಗೆದು ಪರೀಕ್ಷೆ ಮಾಡಿದೆ. ಹಸಿರಾಯಿತು, ಹಳದಿಯಾಯಿತು, ನಾನು ನೋಡುತ್ತಿದ್ದಂತೆ ಇಟ್ಟಿಗೆಗೆಂಪು ತಳಕ್ಕೆ ಕೂತಿತು. ಉಳಿದ ಮೂರನ್ನೂ ಮಾಡಿದೆ. ಯಾವುದೂ ಬರಲಿಲ್ಲ. ಬಾಟಲಿಗೆ ಸುರಿದು ಜಾಗದಲ್ಲಿಟ್ಟೆ. ಎಂಟು ಗಂಟೆಯಾಗಿತ್ತು.

ಎಂಟೂ ಕಾಲಿಗೆ ಟೀಚರು ಓಡುತ್ತ ಬಂದಳು. ನನ್ನನ್ನು ನೋಡದೆ ಬಿ ಬಾಟಲಿ ಎತ್ತಿಕೊಂಡು ತಕ್ಕಡಿಗಳಿದ್ದ ಒಳಕೋಣೆಗೆ ಹೋದಳು. ಹತ್ತು ನಿಮಿಷದ ಮೇಲೆ ಬಾಟಲಿ ಮರಳಿ ತಂದಿಟ್ಟಳು. ನನ್ನನ್ನು ನೋಡಿದಳು, ತೊಳೆಯದೆ ಉಳಿದಿದ್ದ ಫ್ಲಾಸ್ಕನ್ನು ನೋಡಿದಳು. ಅಷ್ಟರಲ್ಲಿ ಪರೀಕ್ಷಕರು ಬಂದರು.

ಪರೀಕ್ಷೆ ನಡೆಯಿತು. ಆರು ಜನಕ್ಕೆ ಕಪ್ಪುನೀಲಿ, ಆರು ಜನಕ್ಕೆ ಇಟ್ಟಿಗೆಗೆಂಪು, ಆರು ಜನಕ್ಕೆ ನೇರಳೆ. ಟಿಪ್ಪರ್‌ನವನ ಮಗಳಿಗೆ ಬಂದದ್ದು ಎಣ್ಣೆ. ನೋಡಿದರೇ ಗೊತ್ತಾಗುವಂಥದ್ದು, ಆದರೂ ಅವಳು ನಾಲ್ಕೂ ಪರೀಕ್ಷೆ ಮಾಡಿಯೇ ಬರೆದಳು. ಪರೀಕ್ಷಕರು ಡಿ ಬಾಟಲಿಯ ನೇರಳೆಯನ್ನು ಹೊಗಳಿದಾಗ ಟೀಚರು ನನ್ನ ಕಡೆ ಕೈ ತೋರಿಸಿ, ಮಾಡಿದವರು ಇವರು, ಮೊಟ್ಟೆಯಿಂದಲ್ಲ ಹಾಲಿನಿಂದ ಎಂದಳು. ಬಿ ಬಾಟಲಿಯನ್ನೂ ಅವರು ಹೊಗಳಿದರು. ಆಕೆ ಉತ್ತರಪತ್ರಿಕೆ ಜೋಡಿಸತೊಡಗಿದಳು, ನಾನು ಪ್ರನಾಳ ಒಟ್ಟುಮಾಡತೊಡಗಿದೆ.

ಎಲ್ಲರೂ ಹೋದ ಮೇಲೆ ಇಬ್ಬರೂ ಪ್ರನಾಳ ತೊಳೆಯುತ್ತಿದ್ದೆವು.

“ಬಿ ಬಾಟ್ಲಿ ಆ್ಯಸಿಡ್ ಹಾಕಿ ಕುದಿಸೀರಿ, ಹೌದಲ್ರಿ?” ಎಂದಳು. ಬೆಳಿಗ್ಗೆ ಚಹಕ್ಕೆ ಸಕ್ಕರೆ ಹಾಕುವಾಗ ತನ್ನ ತಪ್ಪು ಹೊಳೆದು ಹಾಗೇ ಓಡಿಬಂದಿದ್ದಳಂತೆ.

“ಹೌದು.”

“ನಿಮಗ ಯಾವಾಗ ಗೊತ್ತಾತು?”

ಇವತ್ತು ಬೆಳಿಗ್ಗೆ ಎನ್ನಬಹುದಿತ್ತು. ನಾಲಿಗೆಯ ತುದಿಯಲ್ಲೇ ಇತ್ತು.

“ನಿನ್ನೆ ಮಧ್ಯಾಹ್ನ.”

ಆಕೆ ನಲ್ಲಿ ನಿಲ್ಲಿಸಿದಳು. “ನಿನ್ನೆ ನಾಲ್ಕರ ತನಕ ನಾ ಇಲ್ಲೇ ಇದ್ದೆ. ಬಂದು ಕೇಳಿದೆ ನಿಮ್ಮನ್ನ.”

“ಕೇಳಿದ್ರಿ. ನಾ ಬೇಕಂತ ಹೇಳಲಿಲ್ಲ. ನಿಮಗ ಒಮ್ಮೆರ ತಪ್ಪಾಗೂದು ನೋಡಬೇಕಾಗಿತ್ತು ನನಗ.”

ಹೇಳಿದ ಮೇಲೆ ಕಾದೆ. ಎಂದಿನಂತೆ ಬಿಡ್ರಿ ಅಕ್ಕಾರ ಎನ್ನುತ್ತಾಳೆ, ಎಂದಿನಂತೆ ದೊಡ್ಡವಳಾಗುತ್ತಾಳೆ ಎಂದುಕೊಂಡೆ.

“ನನ್ನ ಮ್ಯಾಲ ಸಿಟ್ಟಿದ್ರ ನನ್ನ ಬೈರಿ, ಪ್ರಿನ್ಸಿಪಾಲ್ರಿಗೆ ಹೇಳ್ರಿ, ಏನರ ಮಾಡ್ರಿ. ಆ ಆರು ಹುಡುಗ್ರು ನಿಮಗೇನ್ ಮಾಡಿದ್ರು?” ಆಕೆ ಕೈಯಲ್ಲಿದ್ದ ಬ್ರಷ್ಷನ್ನು ಕೆಳಗಿಟ್ಟಳು. “ನಾಚಿಕಿ ಬರಬೇಕು ನಿಮಗ.”

ಕೋಟು ಕಳಚಿ ತೋಳಿಗೆ ಹಾಕಿಕೊಂಡು ಹೊರಟುಹೋದಳು. ಅರ್ಧ ತೊಳೆದ ಪ್ರನಾಳಗಳು ಹಾಗೇ ಬಿದ್ದಿದ್ದವು. ನಾನು ತೊಳೆದೆ. ಅಳು ಬಂತು, ಅದರ ಜೊತೆ ಒಂದು ಬಗೆಯ ಸಮಾಧಾನವೂ ಬಂತು. ಮೂರು ವಾರ ಆಕೆ ನನ್ನನ್ನು ಕೈಮಗುವಿನಂತೆ ನಡೆಸಿಕೊಂಡಿದ್ದಳು. ಅಂದು ಮೊದಲ ಸಲ ನೇರ ನಿಂತು ಬೈದಿದ್ದಳು. ಆ ಬೈಗುಳದಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಮರುದಿನ ಪ್ರಿನ್ಸಿಪಾಲರು ಕರೆಸಿದಾಗ ಎಲ್ಲ ಗೊತ್ತಾಗಿದೆ ಎಂದುಕೊಂಡೇ ಹೋದೆ. ಅವರು ಜೂನಿನಿಂದ ಬನ್ನಿ ಎಂದರು. ಟೀಚರು ಹೇಳಿದ್ದಾಳೆ, ನೀವು ಪ್ರತಿ ಬಾಟಲಿಯನ್ನೂ ನಾಲ್ಕು ಸಲ ನೋಡುತ್ತೀರಂತೆ ಎಂದರು. ಅಷ್ಟೇ ಹೇಳಿದ್ದಳು. ಉಳಿದದ್ದನ್ನು ಹೇಳಿರಲಿಲ್ಲ. ಮೆಟ್ಟಿಲಿಳಿಯುವಾಗ ಹೊಟ್ಟೆಯಲ್ಲಿ ಅದೇ ಹಳೆಯ ಉರಿ. ಇದರಲ್ಲೂ ಆಕೆಯದೇ ಮೇಲುಗೈ.

ಜೂನಿನಲ್ಲಿ ಮಳೆ ಹಿಡಿದು ಧೂಳು ಅಡಗಿತ್ತು. ಹೊಸ ಹುಡುಗರ ಮೊದಲ ಪ್ರಯೋಗದ ಹಿಂದಿನ ದಿನ ಟೀಚರು ಪಟ್ಟಿ ಕೊಟ್ಟಳು. ರಜೆಯ ನಂತರ ನಾವಿಬ್ಬರೂ ಹೆಚ್ಚು ಮಾತಾಡಿರಲಿಲ್ಲ. ಡಿ ಎದುರಿಗೆ ಮೊಟ್ಟೆಯ ಬದಲು ಛನ್ನಾ ಎಂದಿತ್ತು. ಕೆಳಗೆ ಹೊಸದೊಂದು ಸಾಲು: ಒಬ್ಬರು ಮಾಡಿದ ಬಾಟಲಿಯನ್ನು ಇನ್ನೊಬ್ಬರೇ ಪರೀಕ್ಷಿಸಬೇಕು. ಬಿ, ಸಿ ಆಕೆ ಮಾಡಿದಳು, ಎ, ಡಿ ನಾನು. ಬೆಳಿಗ್ಗೆ ಬಾಟಲಿಗಳನ್ನು ಅದಲುಬದಲು ಮಾಡಿಕೊಂಡು ಎದುರುಬದುರು ಕೂತೆವು. ಆಕೆಯ ಬಾಟಲಿಗಳಲ್ಲಿ ಕೊರತೆ ಹುಡುಕಿದೆ, ಮನಸ್ಸಿಟ್ಟು ಹುಡುಕಿದೆ. ಸಿಗಲಿಲ್ಲ. ಎರಡೂ ಸರಿ ಅದಾವ ಎಂದೆ.

ಆಕೆ ನನ್ನ ಎ ಬಾಟಲಿಯ ಪ್ರನಾಳವನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದಳು. ಕಪ್ಪುನೀಲಿ ಬರಬೇಕಾದಲ್ಲಿ ತೆಳು ಕಂದು.

“ಗಂಜಿ ನಿನ್ನೆದಲ್ರಿ? ಹಳಸೇತಿ” ಎಂದು ಪ್ರನಾಳವನ್ನು ನನ್ನ ಮುಂದೆ ಇಟ್ಟಳು. “ಒಂಬತ್ತಕ್ಕ ಹುಡುಗ್ರು ಬರ್ತಾರ. ಹೊಸಾದು ಮಾಡ್ರಿ.”

ನಾನು ಅಕ್ಕಿ ತೊಳೆಯಲು ಎದ್ದೆ.